ವಯಸ್ಸು ದಾಟಿತೆಂದು ಕಣ್ಣಿನ ಪೊರೆಯನ್ನು ಹಾಗೇ ಬಿಡಬೇಡಿ

ಮಾನ್ಯ ಸಂಪಾದಕರೇ,

ಯಂತ್ರಗಳಿಗೆ ನೋಡಲು ಕಲಿಸುವ ವಿದ್ಯೆಯ ಬಗ್ಗೆ ಈಚೆಗೆ ಪತ್ರಿಕೆಗಳಲ್ಲಿ ಸಾಕಷ್ಟು ಬರಹಗಳು ಬರುತ್ತಿವೆ. ಆ ವಿದ್ಯೆಯಿಂದಲೇ ಹೊರಟು, ಹುಟ್ಟಿನಿಂದ ಕಣ್ಣು ಕಾಣದ ಹಳ್ಳಿ ಮಕ್ಕಳ ಬಳಿಗೆ ಬಂದ ವಿಜ್ಞಾನಿ ಪವನ್ ಸಿನ್ಹಾ ಅವರ ಕೆಲಸ ನಮ್ಮ ಜಿಲ್ಲೆಯ ತಂದೆತಾಯಿಗಳಿಗೆ ತಿಳಿದಿರಬೇಕೆಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಹೀಗೆ ಬರೆಯಲು ನನ್ನ ಮನೆಯದೇ ಕಾರಣವಿದೆ. ಅಘನಾಶಿನಿಯ ದಡದಲ್ಲಿರುವ ನನ್ನ ತಮ್ಮನ ಮೊಮ್ಮಗಳಿಗೆ ಹುಟ್ಟುವಾಗಲೇ ಎರಡೂ ಕಣ್ಣುಗಳಲ್ಲಿ ಪೊರೆಯಿತ್ತು. ಮಗು ಸ್ವಲ್ಪ ದೊಡ್ಡದಾಗಲಿ ಎಂದು ಒಬ್ಬ ವೈದ್ಯರು ಹೇಳಿದರು. ಏಳು ವರ್ಷ ತುಂಬಿದ ಮೇಲೆ ಇನ್ನೊಬ್ಬರು, ಮಿದುಳು ನೋಡಲು ಕಲಿಯುವ ವಯಸ್ಸು ದಾಟಿಹೋಗಿದೆ, ಇನ್ನು ಶಸ್ತ್ರಚಿಕಿತ್ಸೆ ಮಾಡಿಸಿ ಪ್ರಯೋಜನವಿಲ್ಲ ಎಂದು ಕಳುಹಿಸಿಬಿಟ್ಟರು. ಆ ಮಾತಿಗೆ ಆಧಾರವೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಮರಿಬೆಕ್ಕಿನ ಒಂದು ಕಣ್ಣನ್ನು ಮೊದಲ ತಿಂಗಳುಗಳಲ್ಲಿ ಮುಚ್ಚಿಟ್ಟರೆ ಆಮೇಲೆ ತೆರೆದರೂ ಆ ಕಣ್ಣಿನ ನೋಟ ಸರಿಯಾಗಿ ಬೆಳೆಯುವುದಿಲ್ಲ ಎಂದು ತೋರಿಸಿದ ವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ಅವರಿಗೆ 1981ರಲ್ಲಿ ನೊಬೆಲ್ ಬಂದಿತ್ತು. ಆದರೆ ಅದನ್ನೇ ಹಿಡಿದು, ದೊಡ್ಡ ಮಗುವಿಗೆ ಏನೂ ಮಾಡಲಾಗದು ಎಂದು ಬಾಗಿಲು ಮುಚ್ಚುವುದು ಸರಿಯಲ್ಲ ಎಂಬುದಕ್ಕೆ ಸಿನ್ಹಾ ಅವರ ವೃತ್ತಿಜೀವನವೇ ಸಾಕ್ಷಿಯಾಗಿದೆ.

ದೆಹಲಿಯ ಐಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದ ಅವರು ಅಮೆರಿಕದ ಎಂಐಟಿಯಲ್ಲಿ ಸಂಶೋಧನೆ ಮಾಡಿ, ಅಲ್ಲಿಯೇ ಮಿದುಳು ಮತ್ತು ಅರಿವಿನ ವಿಜ್ಞಾನದ ಪ್ರಾಧ್ಯಾಪಕರಾದರು. ಕಣ್ಣಿಗೆ ಬೀಳುವ ಬಣ್ಣ-ಬೆಳಕಿನ ತುಣುಕುಗಳಲ್ಲಿ ಯಾವುದು ಯಾವ ವಸ್ತುವಿಗೆ ಸೇರಿದ್ದೆಂದು ಮಿದುಳು ಹೇಗೆ ಕಂಡುಕೊಳ್ಳುತ್ತದೆ ಎಂಬುದು ಅವರ ಪ್ರಶ್ನೆ. ಭಾರತದಲ್ಲಿ ಅವರು ಆರಂಭಿಸಿದ 'ಪ್ರಾಜೆಕ್ಟ್ ಪ್ರಕಾಶ್' ಹುಟ್ಟುಪೊರೆಯಿರುವ ಬಡ ಮಕ್ಕಳಿಗೆ ಚಿಕಿತ್ಸೆ ಕೊಡಿಸುತ್ತದೆ. ಆ ಮಕ್ಕಳು ನೋಡಲು ಕಲಿಯುವ ಬಗೆಯನ್ನು ಆಮೇಲೆ ಅಧ್ಯಯನ ಮಾಡುತ್ತದೆ. ಹುಟ್ಟಿನಿಂದ ಕುರುಡನಾಗಿದ್ದು, ಘನವನ್ನೂ ಗೋಳವನ್ನೂ ಮುಟ್ಟಿ ತಿಳಿದವನಿಗೆ ದೃಷ್ಟಿ ಬಂದರೆ ಅವನು ಅವನ್ನು ಬರೀ ನೋಡಿಯೇ ಗುರುತಿಸಬಲ್ಲನೇ ಎಂದು 1688ರಲ್ಲಿ ಐರ್ಲೆಂಡಿನ ಚಿಂತಕ ವಿಲಿಯಂ ಮಾಲಿನೋ ಕೇಳಿದ್ದ ಪ್ರಶ್ನೆಗೆ 2011ರಲ್ಲಿ ಉತ್ತರ ಬಂದದ್ದು ಇಂತಹ ಐವರು ಮಕ್ಕಳಿಂದ. ಮುಟ್ಟಿದ ವಸ್ತುವನ್ನು ನೋಡಿ ಗುರುತಿಸಲು ಅವರಿಗೆ ಮೊದಲು ಆಗಲಿಲ್ಲ. ಕೆಲವೇ ದಿನಗಳಲ್ಲಿ ಆಯಿತು. ಆ ಮಕ್ಕಳ ವಯಸ್ಸು 8ರಿಂದ 17. 2009ರ ನವೆಂಬರಿನಲ್ಲಿ ಸಿನ್ಹಾ ಅವರು ಈ ಯೋಜನೆಯ ಬಗ್ಗೆ ಮಾತನಾಡಿದ್ದು ನಮ್ಮ ಮೈಸೂರಿನಲ್ಲಿಯೇ.

ನಮ್ಮ ಮಗುವಿಗೆ ಒಂಬತ್ತನೆಯ ವರ್ಷದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ಕೂಡಲೇ ಎಲ್ಲವೂ ಕಾಣುತ್ತದೆಂದು ನಾವು ನಂಬಿದ್ದೆವು, ಹಾಗಾಗಲಿಲ್ಲ. ಅಂಗಳದ ಮೇಲೆ ಬಿದ್ದ ತೆಂಗಿನ ಮರದ ನೆರಳನ್ನು ಅವಳು ಹೊಂಡವೆಂದು ತಿಳಿದು, ಕಾಲೆತ್ತಿ ದಾಟುತ್ತಿದ್ದಳು. ಹೊಳೆಯ ದಡಕ್ಕೆ ಕರೆದೊಯ್ದರೆ, ಕಟ್ಟಿಹಾಕಿದ ಪಾತಿ ದೋಣಿಯೂ ಅದರ ಕೆಳಗಿನ ನೀರೂ ಅವಳಿಗೆ ಒಂದೇ ಬಣ್ಣದ ಕಲೆ. ಒಬ್ಬರು ಹಗ್ಗ ಬಿಚ್ಚಿ ದೋಣಿಯನ್ನು ತಳ್ಳಿದರು, ದೋಣಿ ಜಾರಿತು. "ಅಜ್ಜಾ, ಅದು ಬೇರೆ, ನೀರು ಬೇರೆ" ಎಂದು ಅವಳು ನನ್ನ ಕೈ ಜಗ್ಗಿದಳು. ಒಟ್ಟಿಗೆ ಚಲಿಸುವುದೆಲ್ಲ ಒಂದೇ ವಸ್ತು ಎಂಬ ಸುಳಿವಿನಿಂದಲೇ ಹೊಸದಾಗಿ ದೃಷ್ಟಿ ಬಂದವರು ವಸ್ತುಗಳನ್ನು ಬಿಡಿಸಿಕೊಳ್ಳಲು ಕಲಿಯುತ್ತಾರೆ ಎಂದು ಸಿನ್ಹಾ ಅವರ ತಂಡ ಕಂಡುಕೊಂಡಿದ್ದನ್ನು ನಾನು ಓದಿದ್ದು ಇದಾದ ಮೇಲೆ. ಓದುವಾಗ ಕಣ್ಣು ತುಂಬಿತು. ಅಂದಿನಿಂದ ಅವಳಿಗೆ ಯಾವುದೇ ವಸ್ತುವನ್ನು ತೋರಿಸುವಾಗ ಅದನ್ನು ಅಲ್ಲಾಡಿಸಿ ತೋರಿಸುವುದು ಮನೆಯಲ್ಲಿ ಎಲ್ಲರಿಗೂ ರೂಢಿಯಾಯಿತು.

ಇಂತಹ ಮಕ್ಕಳಿಂದ ಕಲಿತದ್ದು ಯಂತ್ರಗಳಿಗೂ ದಾರಿ ತೋರಿಸಿದೆ. ಎಳೆಗೂಸಿನ ಮೊದಲ ಮಸುಕು ನೋಟ ಕೊರತೆಯಲ್ಲ, ಕಲಿಕೆಗೆ ಬೇಕಾದ ಮೆಟ್ಟಿಲು ಎಂಬ ಊಹೆಯಿಂದ ಹೊರಟು, ಕಂಪ್ಯೂಟರಿಗೆ ಮುಖಗಳ ಮಸುಕು ಚಿತ್ರಗಳನ್ನು ಮೊದಲು, ಸ್ಪಷ್ಟ ಚಿತ್ರಗಳನ್ನು ಆಮೇಲೆ ತೋರಿಸಿದಾಗ ಅದು ಮುಖಗಳನ್ನು ಹೆಚ್ಚು ಚೆನ್ನಾಗಿ ಗುರುತಿಸಿತೆಂದು ಈ ತಂಡ 2018ರಲ್ಲಿ ಪ್ರಕಟಿಸಿತು.

ತಡವಾದರೂ ಪರವಾಗಿಲ್ಲ ಎಂದು ಯಾರೂ ಇದನ್ನು ಅರ್ಥ ಮಾಡಿಕೊಳ್ಳಬಾರದು. ನಮ್ಮ ಮಗುವಿನ ನೋಟ ಇಂದಿಗೂ ಪೂರ್ಣವಲ್ಲ. ದಪ್ಪ ಕನ್ನಡಕ ಹಾಕಿ ಮುಂದಿನ ಬೆಂಚಿನಲ್ಲಿ ಕುಳಿತರೂ ಬೋರ್ಡಿನ ಸಣ್ಣ ಅಕ್ಷರ ಅವಳಿಗೆ ಕಾಣುವುದಿಲ್ಲ. ಹುಟ್ಟುಪೊರೆಯನ್ನು ಮೊದಲ ವಾರಗಳಲ್ಲಿಯೇ ತೆಗೆಸಿದರೆ ಸಿಗುವ ದೃಷ್ಟಿಯೇ ಬೇರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯಬೇಕು, ಅದರ ಪಟ್ಟಿಯಲ್ಲಿ ಹುಟ್ಟುಪೊರೆಯೂ ಇದೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಜೋಯಿಡಾದವರೆಗೆ ಪ್ರತಿ ಹೆರಿಗೆ ವಾರ್ಡಿನಲ್ಲಿ, ತಾಯಿ-ಮಗು ಮನೆಗೆ ಹೋಗುವ ಮೊದಲು, ಕೂಸಿನ ಕಣ್ಣಿಗೆ ಬೆಳಕು ಬಿಟ್ಟು ಪಾಪೆಯ ಕೆಂಪು ಹೊಳಪನ್ನು ನೋಡುವುದು ಕಡ್ಡಾಯವಾಗಲಿ. ಪೊರೆಯಿದ್ದರೆ ಆ ಹೊಳಪು ಮಂಕಾಗಿರುತ್ತದೆ ಅಥವಾ ಕಾಣುವುದಿಲ್ಲ. ಒಂದೆರಡು ನಿಮಿಷದ ಕೆಲಸವದು. ಪೊರೆಯನ್ನು ಹೊತ್ತುಕೊಂಡೇ ದೊಡ್ಡವರಾದ ಮಕ್ಕಳನ್ನು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಗುರುತಿಸಿ, ವಯಸ್ಸು ದಾಟಿದೆ ಎಂಬ ಒಂದೇ ಕಾರಣಕ್ಕೆ ಹಿಂದೆ ಕಳುಹಿಸದೆ, ಮಕ್ಕಳ ಕಣ್ಣಿನ ತಜ್ಞರಿಗೆ ತೋರಿಸುವ ಏರ್ಪಾಡನ್ನು ಜಿಲ್ಲಾ ಆರೋಗ್ಯ ಇಲಾಖೆ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಕುಮಟಾ ತಾಲ್ಲೂಕು