ಹದಿನೈದು ವರ್ಷ ಇಟ್ಟುಕೊಳ್ಳುವ ಕಾರಿಗೆ ಬೇರೆಯೇ ಅಳತೆಗೋಲು ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ಹಲವು ವರ್ಷಗಳಿಂದ ತಪ್ಪದೆ ಓದುತ್ತಿದ್ದೇನೆ. ಹೊಸ ಕಾರಿನ ಪರದೆ ಎಷ್ಟು ಅಂಗುಲದ್ದು, ಛಾವಣಿಯ ಗಾಜು ತೆರೆಯುತ್ತದೆಯೇ, ಎಷ್ಟು ಸೆಕೆಂಡಿನಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟುತ್ತದೆ ಎಂಬ ವಿವರಗಳು ಅಲ್ಲಿ ಚೆನ್ನಾಗಿ ಬರುತ್ತವೆ. ಆದರೆ ಜೀವಮಾನದಲ್ಲಿ ಎರಡೋ ಮೂರೋ ಕಾರು ಕೊಳ್ಳುವ, ಕೊಂಡದ್ದನ್ನು ಆರ್‌ಸಿ ಅವಧಿ ಮುಗಿಯುವವರೆಗೂ ಇಟ್ಟುಕೊಳ್ಳುವ ನನ್ನಂಥವರಿಗೆ ಬೇಕಾದದ್ದು ಬೇರೆ. ಹನ್ನೆರಡನೆಯ ವರ್ಷದಲ್ಲಿ ಆ ಕಾರಿನ ಸ್ಥಿತಿ ಹೇಗಿರುತ್ತದೆ, ಅದಕ್ಕೆ ಬಿಡಿಭಾಗ ಸಿಗುತ್ತದೆಯೇ, ನಮ್ಮ ಊರಿನ ಮೆಕ್ಯಾನಿಕ್ ಅದನ್ನು ಬಿಚ್ಚಿ ಜೋಡಿಸಬಲ್ಲರೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವ ಬರಹವನ್ನು ನಾನು ಕಂಡದ್ದು ಕಡಿಮೆ.

ನಾನು ಹಾಸನದ ನಿವೃತ್ತ ಉಪನ್ಯಾಸಕ. 2010ರಲ್ಲಿ ಕೊಂಡ ಪೆಟ್ರೋಲ್ ಸೆಡಾನ್, ಅಂದರೆ ಹಿಂಭಾಗದಲ್ಲಿ ಬೇರೆಯೇ ಡಿಕ್ಕಿ ಇರುವ ಕಾರು, ಇಂದಿಗೂ ನಮ್ಮ ಮನೆಯಲ್ಲಿದೆ. ಮಗಳ ಮನೆ ಮಂಗಳೂರಿನಲ್ಲಿರುವುದರಿಂದ ತಿಂಗಳಿಗೆ ಒಮ್ಮೆಯಾದರೂ ಶಿರಾಡಿ ಘಾಟಿಯಲ್ಲಿ ಇಳಿದು ಹತ್ತುವ ಆ ಕಾರು ಈಗ 1,80,000 ಕಿಲೋಮೀಟರ್ ದಾಟಿದೆ. ಕಳೆದ ವರ್ಷ ಹದಿನೈದು ತುಂಬಿದಾಗ ಆರ್‌ಟಿಒ ಕಚೇರಿಯಲ್ಲಿ ಎಫ್‌ಸಿ ಮಾಡಿಸಿ ಐದು ವರ್ಷಕ್ಕೆ ನೋಂದಣಿ ನವೀಕರಿಸಿದೆ. ಎಂಜಿನ್ ಅನ್ನು ಒಮ್ಮೆಯೂ ಬಿಚ್ಚಿಲ್ಲ, ಕ್ಲಚ್ ಪ್ಲೇಟ್ ಒಂದೇ ಬಾರಿ ಬದಲಾಗಿದೆ. ಆದರೆ ಮೂರು ವರ್ಷಗಳ ಹಿಂದೆ ಸ್ಟಿಯರಿಂಗ್‌ನ ಒಂದು ಭಾಗ ಕೆಟ್ಟಾಗ, ಆ ಮಾದರಿಯ ತಯಾರಿಕೆ ನಿಂತುಹೋಗಿದೆ ಎಂಬ ಕಾರಣದಿಂದ, ಕಂಪನಿಯ ಸರ್ವೀಸ್ ಕೇಂದ್ರದವರು ನನ್ನನ್ನು ಎರಡು ತಿಂಗಳು ಕಾಯಿಸಿದರು. ಕೊನೆಗೆ ಆ ಭಾಗವನ್ನು ಹುಡುಕಿ ತಂದುಕೊಟ್ಟವರು ನಮ್ಮ ಬೀದಿಯ ಗ್ಯಾರೇಜಿನವರು. ಕಾರಿನ ಆಯುಷ್ಯವನ್ನು ಎಂಜಿನ್ ಒಂದೇ ನಿರ್ಧರಿಸುವುದಿಲ್ಲ ಎಂಬುದು ನನಗೆ ಮನದಟ್ಟಾದದ್ದು ಆಗಲೇ.

ಈಗ ಮಗಳು ಮತ್ತು ಅಳಿಯ ಹೊಸ ಕಾರು ಕೊಳ್ಳಲು ಹೊರಟಿದ್ದಾರೆ. 2040ರವರೆಗೆ ನಡೆಯುವ ಸೆಡಾನ್ ಯಾವುದು ಎಂದು ನನ್ನನ್ನು ಕೇಳಿದ್ದಾರೆ. ಅವರಿಗಾಗಿ ಶೋರೂಂಗಳನ್ನು ಸುತ್ತಿದ ಮೇಲೆ, ಅದಕ್ಕಿಂತ ಹೆಚ್ಚಾಗಿ ಗ್ಯಾರೇಜುಗಳಲ್ಲಿ ಕುಳಿತು ಮಾತನಾಡಿದ ಮೇಲೆ, ನಾನು ಮುಟ್ಟಿದ ತೀರ್ಮಾನ ಸರಳವಾದದ್ದು: ಟರ್ಬೊ ಇಲ್ಲದ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಅದಕ್ಕೆ ಕೈಯಿಂದ ಬದಲಿಸುವ ಗೇರ್ ಇರಲಿ. ಟರ್ಬೊ ಎಂಜಿನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ ಕಾರುಗಳು ಘಾಟಿಯಲ್ಲಿ ಹತ್ತುವ ಬಗೆ ಮೆಚ್ಚುವಂಥದ್ದು. 179 ಮಿಲಿಮೀಟರ್ ಎತ್ತರದ ತಳವಿರುವುದರಿಂದ ನಮ್ಮ ಹಂಪ್ಸ್‌ಗಳಿಗೂ ಅವು ಅಷ್ಟಾಗಿ ತಾಗುವುದಿಲ್ಲ. ಆದರೆ ಟರ್ಬೊ ಎಂದರೆ ಎಂಜಿನ್‌ನಿಂದ ಹೊರಬರುವ ಬಿಸಿ ಹೊಗೆಯ ಬಲದಿಂದ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳಬಲ್ಲ ಒಂದು ಪುಟ್ಟ ಚಕ್ರ. ಅದರ ಬೇರಿಂಗ್ ಉಳಿಯುವುದು ಶುದ್ಧವಾದ ಆಯಿಲ್‌ನಿಂದ ಮಾತ್ರ. ಮೊದಲ ಮಾಲೀಕರು ಹೊತ್ತಿಗೆ ಸರಿಯಾಗಿ ಸರ್ವೀಸ್ ಮಾಡಿಸಿಯಾರು. ಹನ್ನೊಂದನೆಯ ವರ್ಷದಲ್ಲಿ, ಕೈಯಲ್ಲಿ ಹಣ ಬಿಗಿಯಾಗಿರುವಾಗ, ಸರ್ವೀಸ್ ಎರಡು ತಿಂಗಳು ಮುಂದಕ್ಕೆ ಹೋದರೆ ಸಾಮಾನ್ಯ ಎಂಜಿನ್ ಅದನ್ನು ತಾಳಿಕೊಳ್ಳುತ್ತದೆ, ಟರ್ಬೊ ಅಷ್ಟಾಗಿ ತಾಳಿಕೊಳ್ಳುವುದಿಲ್ಲ.

ಈ ಲೆಕ್ಕದಲ್ಲಿ ಹೋಂಡಾ ಸಿಟಿ ನನಗೆ ಮೊದಲಿಗೆ ನಿಲ್ಲುತ್ತದೆ. 1998ರಲ್ಲಿ ನಮ್ಮ ದೇಶಕ್ಕೆ ಬಂದ ಈ ಹೆಸರು ನಡುವೆ ಕಡಿಯದೆ ಉಳಿದುಕೊಂಡಿದೆ. 2020ರಲ್ಲಿ ಬಂದ ಐದನೆಯ ತಲೆಮಾರಿನ ಕಾರಿನಲ್ಲಿ 1.5 ಲೀಟರಿನ, ಟರ್ಬೊ ಇಲ್ಲದ ಎಂಜಿನ್ ಇದೆ, ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಬದಲು ಚೈನ್ ಇದೆ. ಬೆಲ್ಟ್ ಆದರೆ ನಿಗದಿತ ಅವಧಿಗೆ ಬದಲಿಸಲೇಬೇಕು, ಮರೆತು ಅದು ತುಂಡಾದರೆ ವಾಲ್ವ್‌ಗಳೇ ಬಾಗಿಹೋಗಬಹುದು. ಒಳ್ಳೆಯ ಆಯಿಲ್ ಕಂಡ ಚೈನಿಗೆ ಅಂಥ ಗಡುವು ಇರುವುದಿಲ್ಲ. ಸಿಟಿಯ ಕೊರತೆ 165 ಮಿಲಿಮೀಟರ್ ಎತ್ತರದ ತಳ. ಐದು ಜನ ಕುಳಿತು 506 ಲೀಟರಿನ ಡಿಕ್ಕಿಯನ್ನೂ ತುಂಬಿಸಿದರೆ ಹಳ್ಳಿಯ ರಸ್ತೆಯಲ್ಲಿ ಎಚ್ಚರದಿಂದ ಓಡಿಸಬೇಕಾಗುತ್ತದೆ. ಹ್ಯುಂಡೈ ವೆರ್ನಾದ 1.5 ಲೀಟರಿನ ಟರ್ಬೊರಹಿತ ಎಂಜಿನ್ ಕೂಡ ಇದೇ ಜಾತಿಯದು. ಅದೇ ಕಾರಿನ ಟರ್ಬೊ ಮಾದರಿ ಬೇರೆಯೇ ವಸ್ತು, ಎರಡನ್ನೂ ಒಂದೇ ಹೆಸರಿನಿಂದ ಅಳೆಯಬಾರದು. ತಾಲ್ಲೂಕು ಕೇಂದ್ರದಲ್ಲಿ ವಾಸಿಸುವವರಿಗೆ ಮಾತ್ರ ನಾನು ಮಾರುತಿ ಡಿಸೈರ್ ಅನ್ನೇ ಹೇಳುತ್ತೇನೆ. 2024ರ ನವೆಂಬರಿನಲ್ಲಿ ಬಂದ ಹೊಸ ಡಿಸೈರ್‌ನಲ್ಲಿ ಒಂದು ಸಿಲಿಂಡರ್ ಕಡಿಮೆಯಾಗಿ ಮೂರಕ್ಕೆ ಇಳಿದದ್ದು ನನಗೆ ಹಿಡಿಸಿಲ್ಲ. ಆದರೂ ಅದರ ಬಿಡಿಭಾಗ ಸಿಗದ ಊರಿಲ್ಲ, ಅದನ್ನು ಬಲ್ಲ ಮೆಕ್ಯಾನಿಕ್ ಇಲ್ಲದ ಊರೂ ಇಲ್ಲ. ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಮಾರುತಿ ಕಾರು ಎಂಬುದೂ ಸಣ್ಣ ಸಂಗತಿಯಲ್ಲ.

ಆದರೆ ಇಂಥ ಕಾರುಗಳೇ ಒಂದೊಂದಾಗಿ ಮಾರುಕಟ್ಟೆಯಿಂದ ಮರೆಯಾಗುತ್ತಿವೆ. ಟೊಯೊಟಾದ ಇಟಿಯೋಸ್ ನಮ್ಮದೇ ಬಿಡದಿಯಲ್ಲಿ ತಯಾರಾಗುತ್ತಿತ್ತು. ಒಳಗಿನ ಅಲಂಕಾರ ಸಾದಾ ಆಗಿದ್ದರೂ ಟ್ಯಾಕ್ಸಿ ಚಾಲಕರು ಇಂದಿಗೂ ಅದನ್ನು ಹುಡುಕಿ ಕೊಳ್ಳುತ್ತಾರೆ. ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ 2020ರಲ್ಲಿ ಅದೂ, ಅದರ ಜೊತೆಗೆ ಕೊರೊಲ್ಲಾ ಕೂಡ ನಮ್ಮಲ್ಲಿ ನಿಂತುಹೋದವು. 2025ರಲ್ಲಿ ಮಾರುತಿ ಸಿಯಾಜ್ ನಿಂತಿತು. ಜನರ ಒಲವು ಎತ್ತರದ ಕಾರುಗಳ ಕಡೆಗೆ ಹೊರಳಿದ್ದು ಇದಕ್ಕೆ ಮುಖ್ಯ ಕಾರಣವೆಂಬುದು ನಿಜ. ಆದರೆ ತೆರಿಗೆಯ ಪಾತ್ರವನ್ನೂ ಮರೆಯಬಾರದು. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಒಳಗಿನ ಸಣ್ಣ ಎಂಜಿನ್ನಿನ ಕಾರುಗಳಿಗೆ ಸುಂಕ ಇಳಿಸಿದ ಮೇಲೆ, ಕಂಪನಿಗಳು ಸೆಡಾನ್‌ನ ಹಿಂಭಾಗವನ್ನು ಮೊಟಕುಗೊಳಿಸಿ ಆ ಮಿತಿಯೊಳಗೆ ತೂರಿಸತೊಡಗಿದವು. 2025ರ ಸೆಪ್ಟೆಂಬರ್ 22ರಿಂದ ಅಂಥ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆ 29ರಿಂದ ಶೇ 18ಕ್ಕೆ ಇಳಿದಿದೆ. 1.5 ಲೀಟರಿನ ಉದ್ದದ ಸೆಡಾನ್ ಮೇಲಿನದು 45ರಿಂದ ಶೇ 40ಕ್ಕೆ ಮಾತ್ರ ಇಳಿದಿದೆ. ಎರಡೂ ಅಗ್ಗವಾದವು ಎಂದು ಸಂತೋಷಪಡುವಾಗ, ಅವುಗಳ ನಡುವಿನ ಅಂತರ 16ರಿಂದ 22ಕ್ಕೆ ಏರಿದ್ದನ್ನು ಯಾರೂ ಎತ್ತಿ ಹೇಳಲಿಲ್ಲ. ಬಾಳಿಕೆಯ ದೃಷ್ಟಿಯಿಂದ ಉದ್ದದ ಸೆಡಾನ್ ಅನ್ನು ಆರಿಸುವ ಕುಟುಂಬಕ್ಕೆ ಇದು ದೊಡ್ಡ ಹೊರೆಯೇ.

ಇಂಧನದ ವಿಷಯವೂ ಇದಕ್ಕೆ ಸೇರಿದ್ದು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥನಾಲ್ ಬೆರೆತಿದೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲ್‌ನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ತಗ್ಗುವುದು ಸಹಜ. ಅದನ್ನು ಸಹಿಸಬಹುದು. ಎಥನಾಲ್‌ನಿಂದ ಹಾಳಾಗಬಹುದಾದ ಹಳೆಯ ಕಾರುಗಳ ರಬ್ಬರ್ ಪೈಪು, ಸೀಲುಗಳದ್ದೇ ನಿಜವಾದ ಚಿಂತೆ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಸೆಡಾನ್ ನೋಡುವವರು 2023ರ ಏಪ್ರಿಲ್ ನಂತರ ತಯಾರಾದದ್ದನ್ನು ಆರಿಸುವುದು, ಇಲ್ಲವೇ ಆ ಕಾರಿನ ಕೈಪಿಡಿಯಲ್ಲಿ ಇ20 (ಶೇ 20 ಎಥನಾಲ್‌ಗೆ ಹೊಂದುವಂಥದ್ದು) ಎಂದು ಬರೆದಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಹೊಸ ಕಾರುಗಳ ಎಲೆಕ್ಟ್ರಾನಿಕ್ಸ್ ಬಗ್ಗೆ ನನ್ನದೊಂದು ಆತಂಕವಿದೆ. ಎಸಿಯ ಗುಂಡಿಯನ್ನೂ ಪರದೆಯೊಳಕ್ಕೆ ಸೇರಿಸಿದ ಕಾರಿನಲ್ಲಿ ಹತ್ತನೆಯ ವರ್ಷಕ್ಕೆ ಆ ಪರದೆ ಕೆಟ್ಟರೆ, ಕೇವಲ ಹಾಡು ನಿಲ್ಲುವುದಿಲ್ಲ, ಮಳೆಗಾಲದಲ್ಲಿ ಗಾಜಿನ ಮಂಜು ತೆಗೆಯುವುದೂ ಕಷ್ಟವಾಗುತ್ತದೆ. ಮುಂದಿನ ಗಾಜಿಗೆ ಕ್ಯಾಮೆರಾ ಅಂಟಿಸಿರುವ ಕಾರಿನಲ್ಲಿ ಕಲ್ಲು ಬಡಿದು ಗಾಜು ಬದಲಿಸಿದರೆ, ಕ್ಯಾಮೆರಾವನ್ನು ಮತ್ತೆ ಹೊಂದಿಸಲು ವಿಶೇಷ ಉಪಕರಣವೇ ಬೇಕು. ಆರು ಏರ್‌ಬ್ಯಾಗ್, ಜಾರುವ ಕಾರನ್ನು ಹತೋಟಿಗೆ ತರುವ ಇಎಸ್‌ಸಿ ಇವುಗಳನ್ನು ನಾನು ಎಂದೂ ಬೇಡವೆನ್ನುವುದಿಲ್ಲ, ಮಗಳ ಕಾರಿನಲ್ಲಿ ಅವು ಇರಲೇಬೇಕು. ಆದರೆ ಜೀವ ಉಳಿಸುವ ಸಾಧನಕ್ಕೂ ಶೋರೂಂನಲ್ಲಿ ಕಣ್ಣಿಗೆ ಹಬ್ಬವಾಗುವ ಸಾಧನಕ್ಕೂ ಇರುವ ವ್ಯತ್ಯಾಸವನ್ನು ಓದುಗರಿಗೆ ಬಿಡಿಸಿ ಹೇಳುವವರು ಬೇಕು. ಆ ಕೆಲಸವನ್ನು ನಿಮ್ಮಂಥ ಪತ್ರಿಕೆ ಮಾಡಬೇಕೆಂಬುದು ನನ್ನ ಬೇಡಿಕೆ.

ಅದಕ್ಕಾಗಿ ವಾಹನ ಪುಟದಲ್ಲಿ ತಿಂಗಳಿಗೆ ಒಮ್ಮೆಯಾದರೂ ಹತ್ತು ವರ್ಷ ದಾಟಿದ ಒಂದು ಕಾರಿನ ಕಥೆಯನ್ನು ಪ್ರಕಟಿಸಿ. ಅದರ ಮಾಲೀಕರನ್ನೂ, ಅದನ್ನು ದುರಸ್ತಿ ಮಾಡಿದ ಗ್ಯಾರೇಜಿನವರನ್ನೂ ಮಾತನಾಡಿಸಿ. ಇದುವರೆಗೆ ಏನೇನು ಬದಲಾಯಿತು, ಎಷ್ಟು ಖರ್ಚಾಯಿತು, ಯಾವ ಭಾಗಕ್ಕೆ ಕಾಯಬೇಕಾಯಿತು ಎಂಬುದನ್ನು ಬರೆಯಿರಿ. ಜೊತೆಗೆ, ಒಂದು ಮಾದರಿಯ ತಯಾರಿಕೆ ನಿಂತ ಮೇಲೆ ಎಷ್ಟು ವರ್ಷ ಬಿಡಿಭಾಗ ಒದಗಿಸುತ್ತೇವೆ ಎಂಬುದನ್ನು ಕಂಪನಿಗಳು ಮಾರಾಟದ ದಿನವೇ ಲಿಖಿತವಾಗಿ ತಿಳಿಸುವಂತೆ ಸರ್ಕಾರ ಕಡ್ಡಾಯಗೊಳಿಸಲಿ ಎಂದು ನಿಮ್ಮ ಸಂಪಾದಕೀಯದಲ್ಲಿ ಒತ್ತಾಯಿಸಿ. ಹದಿನೈದು ವರ್ಷಕ್ಕೆ ನೋಂದಣಿ ಕೊಟ್ಟು, ಜೀವಾವಧಿ ತೆರಿಗೆಯನ್ನು ಮೊದಲ ದಿನವೇ ಕಟ್ಟಿಸಿಕೊಳ್ಳುವ ವ್ಯವಸ್ಥೆಯಲ್ಲಿ ಅಷ್ಟು ವರ್ಷ ಬಿಡಿಭಾಗವೂ ಸಿಗಬೇಕೆಂದು ಕೇಳುವುದು ಅತಿಯಾಸೆಯಲ್ಲ.

ನನ್ನ ಕಾರಿಗೆ 2010ರಿಂದ ಹಾಕಿಸಿದ ಆಯಿಲ್, ಬದಲಿಸಿದ ಟಯರ್, ಬ್ಯಾಟರಿ, ಬ್ರೇಕ್ ಪ್ಯಾಡ್‌ಗಳ ದಿನಾಂಕ, ಕಿಲೋಮೀಟರ್ ಮತ್ತು ಬೆಲೆಯನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಇಂಥ ಅಂಕಣ ಆರಂಭಿಸುವುದಾದರೆ ಅದರ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿಕೊಡಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಉಪನ್ಯಾಸಕ, ಹಾಸನ