ವಿಯೆಟ್ನಾಮ್‌ಗೆ ಹೋಗಿ ಪನೀರ್ ತಿನ್ನುವುದು ಯಾಕೆ?

ಮಾನ್ಯ ಸಂಪಾದಕರೇ,

ರಜೆ ಹತ್ತಿರ ಬಂತೆಂದರೆ ಪತ್ರಿಕೆ ತುಂಬ ವಿದೇಶ ಪ್ರವಾಸದ ಜಾಹೀರಾತುಗಳು. ದೇಶ ಬೇರೆ, ದರ ಬೇರೆ. ಆದರೆ 'ಮೂರೂ ಹೊತ್ತು ನಮ್ಮ ಊಟ' ಅನ್ನುವ ಸಾಲು ಮಾತ್ರ ತಪ್ಪುವುದಿಲ್ಲ. ಆ ಸಾಲಿನ ಬಗ್ಗೆ ನನ್ನದೊಂದು ತಕರಾರಿದೆ.

ಹೋದ ವರ್ಷ ಇಂಥದೇ ಒಂದು ತಂಡದ ಜೊತೆ ವಿಯೆಟ್ನಾಮ್‌ಗೆ ಹೋಗಿದ್ದೆ. ಹನೋಯ್, ಹುವೆ, ಹೋಯಿ ಆನ್, ಕೊನೆಗೆ ಹೋ ಚಿ ಮಿನ್ ಸಿಟಿ. ತಂಡದಲ್ಲಿ ಹುಬ್ಬಳ್ಳಿ, ದಾವಣಗೆರೆ, ಚಿಕ್ಕಮಗಳೂರು ಕಡೆಯವರಿದ್ದರು. ಅಲ್ಲಿ ನಮಗೆ ಸಿಕ್ಕ 'ನಮ್ಮ ಊಟ' ಯಾವುದು ಗೊತ್ತಾ? ಪನೀರ್ ಬಟರ್ ಮಸಾಲ, ಜೀರಾ ರೈಸ್, ಹಳದಿ ದಾಲ್, ತಂದೂರಿ ರೋಟಿ. ಊರು ಬದಲಾದರೂ ಊಟ ಬದಲಾಗಲಿಲ್ಲ. ಜೋಳದ ರೊಟ್ಟಿ ಇಲ್ಲ, ಮುದ್ದೆ ಇಲ್ಲ, ಒಂದು ತಿಳಿಸಾರು ಕೂಡ ಇಲ್ಲ. ನಮ್ಮಲ್ಲಿ ಯಾರ ಮನೆಯಲ್ಲೂ ದಿನಾ ಮಾಡದ ಅಡುಗೆಯನ್ನು ನಮ್ಮದು ಅಂತ ಬಡಿಸಿದರು. ಅದರ ನೆಪದಲ್ಲಿ ಆ ಊರಿನ ಊಟವೂ ತಪ್ಪಿತು.

ಇದೇ ಜನ ಇಲ್ಲಿ ಹೀಗಿರುವುದಿಲ್ಲ. ನಾನು ಬ್ಯಾಂಕಿನಲ್ಲಿದ್ದವಳು. ವರ್ಗಾವಣೆ ಆದ ಊರಲ್ಲೆಲ್ಲ ಮೊದಲು ಕೇಳುತ್ತಿದ್ದುದು ಬಾಡಿಗೆ ಮನೆ ಎಲ್ಲಿ, ಆಮೇಲೆ ಇಲ್ಲಿ ತಿನ್ನಲು ಏನು ಫೇಮಸ್ಸು ಅಂತ. ಕರದಂಟು ಗೋಕಾಕಿನದು ಒಳ್ಳೆಯದೋ ಅಮೀನಗಡದ್ದೋ ಅಂತ ನಮ್ಮ ಶಾಖೆಯಲ್ಲಿ ಜಗಳವೇ ಆಗುತ್ತಿತ್ತು. (ನನ್ನ ಮತ ಅಮೀನಗಡಕ್ಕೆ. ಗೋಕಾಕಿನವರು ಕ್ಷಮಿಸಬೇಕು.) ಶಿರಸಿ ಕಡೆ ಇದ್ದಾಗ ತೊಡೆದೇವು ಮಾಡುವುದನ್ನು ನೋಡಲು ರಜೆ ಹಾಕಿದ್ದೂ ಉಂಟು. ಬೋರಲು ಹಾಕಿದ ಮಡಕೆ, ಅದರ ಕೆಳಗೆ ಬೆಂಕಿ. ಕಬ್ಬಿನ ಹಾಲು ಹಾಕಿ ಮಾಡಿದ ಅಕ್ಕಿ ಹಿಟ್ಟನ್ನು ಕಾದ ಮಡಕೆಯ ಬೆನ್ನಿಗೆ ತೆಳ್ಳಗೆ ಬಳಿದು, ಹರಿಯದಂತೆ ಎಬ್ಬಿಸಿ, ಬಿಸಿ ಇರುವಾಗಲೇ ಮಡಚುತ್ತಾರೆ. ದಾವಣಗೆರೆ ದಾಟುವಾಗ ಬೆಣ್ಣೆ ದೋಸೆ ತಿನ್ನದೆ ಬಂದರೆ ಮನೆಯಲ್ಲಿ ಬೈಸಿಕೊಳ್ಳುತ್ತೇವೆ. ಮದ್ದೂರಿನಲ್ಲಿ ವಡೆಗೆ ಕಾರು ನಿಲ್ಲಿಸದವರು ಅಪರೂಪ. ಇಷ್ಟೆಲ್ಲ ನಾಲಗೆ ಇರುವ ಜನ ವಿಮಾನ ಹತ್ತಿದ ಕೂಡಲೇ ಯಾಕೆ ಹೆದರುತ್ತಾರೆ?

ಧಾರವಾಡದಿಂದ ಪೇಡೆ ಒಯ್ದಿದ್ದೆ. ನಮ್ಮ ಗೈಡ್ ಹುಡುಗಿಗೆ ಕೊಟ್ಟಾಗ ಏನು, ಎತ್ತ ಅಂತ ಕೇಳದೆ ಬಾಯಿಗೆ ಹಾಕಿಕೊಂಡಳು. ಇನ್ನೊಂದು ಕೇಳಿದಳು. ನಮಗೆಲ್ಲ ಎಂಥ ಖುಷಿ! ಮೆಕಾಂಗ್ ನದಿಯ ಕಡೆ ಹೋಗುವಾಗ ಅವಳು ಬೆನ್ ಟ್ರೆಯ ತೆಂಗಿನ ಮಿಠಾಯಿ ಹಂಚಿದಳು. ತೆಂಗಿನ ಹಾಲು, ಸಕ್ಕರೆ, ಮಾಲ್ಟ್ ಸೇರಿಸಿ ಕಾಯಿಸಿದ್ದು. ಒಳಗೆ ಸುತ್ತಿರುವ ತೆಳು ಹಾಳೆ ಅಕ್ಕಿಯದು, ಅದನ್ನೂ ತಿನ್ನಬಹುದು. ಅವಳು ಎಲ್ಲವನ್ನೂ ವಿವರಿಸಿ ಹೇಳಿದರೂ ಬಸ್ಸಿನಲ್ಲಿ ಮುಕ್ಕಾಲು ಮಂದಿ ಮುಟ್ಟಲಿಲ್ಲ. "ಏನ್ ಹಾಕಿರ್ತಾರೋ ಏನೋ, ಬ್ಯಾಡ್ರಿ ಅಕ್ಕಾರ" ಅಂತ ಪಕ್ಕದವರು ನನಗೂ ಬುದ್ಧಿ ಹೇಳಿದರು. ನಾನು ಅವರ ಪಾಲಿನದೂ ತಿಂದೆ.

ಹುವೆಯಲ್ಲಿ ಸಂಜೆ ಬಿಡುವಿತ್ತು. ದಾವಣಗೆರೆಯ ಒಬ್ಬರನ್ನು ಕರೆದುಕೊಂಡು ಹೊರಗೆ ಹೋದೆ. ಅಲ್ಲಿ 'ಚೆ' ಅನ್ನುವ ಸಿಹಿ ಮಾರುತ್ತಾರೆ. ಹತ್ತಾರು ಬಗೆ. ನಾವು ತೆಗೆದುಕೊಂಡದ್ದು ಹೆಸರುಬೇಳೆ ಬೇಯಿಸಿ ಸಕ್ಕರೆ, ತೆಂಗಿನ ಹಾಲು ಹಾಕಿದ್ದು. ಏಲಕ್ಕಿ ಇಲ್ಲ, ಬೆಲ್ಲ ಇಲ್ಲ ಅನ್ನುವುದು ಬಿಟ್ಟರೆ ನಮ್ಮ ಹೆಸರುಬೇಳೆ ಪಾಯಸದ ಸ್ವಂತ ತಂಗಿ. ಬಾಳೆಹಣ್ಣು, ಸಬ್ಬಕ್ಕಿ, ತೆಂಗಿನ ಹಾಲಿನದು ಇನ್ನೊಂದು. ಅದರ ಮೇಲೆ ಹುರಿದ ಶೇಂಗಾ ಪುಡಿ. ದಾವಣಗೆರೆಯವರು ಬಟ್ಟಲು ಬರಿದು ಮಾಡಿ, "ಇದನ್ನ ತಿನ್ನೋಕೆ ಬಿಡದೆ ದಿನಾ ಗುಲಾಬ್ ಜಾಮೂನ್ ಕೊಡ್ತಿದಾರಲ್ಲ" ಅಂದರು.

ಸಸ್ಯಾಹಾರಿಗಳ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಾನೂ ಸಸ್ಯಾಹಾರಿಯೇ. ವಿಯೆಟ್ನಾಮ್ ಅಡುಗೆಯಲ್ಲಿ ಮೀನು ಕೊಳೆಸಿ ತೆಗೆದ ರಸವನ್ನು ಉಪ್ಪಿನ ಹಾಗೆ ಬಳಸುತ್ತಾರೆ. ತರಕಾರಿ ಪಲ್ಯದಲ್ಲೂ ಅದು ಇರಬಹುದು. ಆದರೆ ಅಲ್ಲಿ ಬೌದ್ಧರ ಸಸ್ಯಾಹಾರಿ ಹೋಟೆಲುಗಳೂ ಬೇಕಾದಷ್ಟಿವೆ. ಬೋರ್ಡಿನ ಮೇಲೆ 'ಚಾಯ್' ಅಂತ ಇರುತ್ತದೆ. ಚಾಂದ್ರಮಾನದ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗೆ, ಅಲ್ಲಿನ ಬಹಳಷ್ಟು ಜನ ಮಾಂಸ ಮೀನು ಬಿಡುತ್ತಾರೆ. ಹುವೆಯಂತೂ ಈ ಅಡುಗೆಗೆ ಹೆಸರಾದ ಊರು. ಹೋ ಚಿ ಮಿನ್ ಸಿಟಿಯ ಇಂಥ ಒಂದು ಹೋಟೆಲಿನಲ್ಲಿ ನಾನು 'ಬಾನ್ ಸೆವೊ' ತಿಂದೆ. ಅಕ್ಕಿ ಹಿಟ್ಟು, ಅರಿಶಿನ, ತೆಂಗಿನ ಹಾಲು ಕಲಸಿ ಕಾವಲಿಗೆ ಹುಯ್ಯುತ್ತಾರೆ. ಚುಂಯ್ ಅನ್ನುತ್ತದೆ. ಒಳಗೆ ಅಣಬೆ, ಮೊಳಕೆ ಕಾಳು. ಗರಿಗರಿ ತುಂಡನ್ನು ಪುದೀನ ಮತ್ತಿತರ ಸೊಪ್ಪಿನ ಜೊತೆ ಎಲೆಯಲ್ಲಿ ಸುತ್ತಿ ತಿನ್ನಬೇಕು. ದೋಸೆ ತಿಂದು ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಕಾಫಿಯ ವಿಷಯ ಹೇಳದೆ ಇರಲಾರೆ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಮ್. ಬಹುಪಾಲು ರೊಬಸ್ಟಾ, ನಮ್ಮ ಕೊಡಗಿನಲ್ಲೂ ಅದೇ ಜಾಸ್ತಿ ಅಲ್ವಾ. ಲೋಟದ ಮೇಲೆ ಪುಟ್ಟ ಫಿಲ್ಟರ್ ಇಟ್ಟು ಹನಿ ಹನಿಯಾಗಿ ಇಳಿಸಿ, ಕೆಳಗಿರುವ ಕಂಡೆನ್ಸ್ಡ್ ಹಾಲಿಗೆ ಕಲಸಿ ಕೊಡುತ್ತಾರೆ. ಇಂಥ ದೇಶದಲ್ಲಿ ಚಿಕ್ಕಮಗಳೂರಿನ ದಂಪತಿ ರೂಮಿನಲ್ಲಿ ಕೂತು ಇನ್‌ಸ್ಟಂಟ್ ಕಾಫಿ ಪೊಟ್ಟಣ ಹರಿಯುತ್ತಿದ್ದರು. ಸ್ವಂತ ತೋಟ ಇರುವವರು! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪ್ರವಾಸ ಕಂಪನಿಯವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ದಿನಕ್ಕೆ ಒಂದು ಹೊತ್ತಿನ ಊಟ ನಮಗೆ ಬಿಡಿ. ಆ ಊಟದ ದುಡ್ಡನ್ನು ಪ್ಯಾಕೇಜಿನಿಂದ ಕಳೆಯಿರಿ. ಮಾಂಸ, ಮೀನು, ಮೀನಿನ ರಸ, ಮೊಟ್ಟೆ ಬೇಡ ಅಂತ ಆ ದೇಶದ ಭಾಷೆಯಲ್ಲಿ ಬರೆದ ಒಂದು ಚೀಟಿ ಕೊಡಿ. ಹತ್ತಿರದ ಸಸ್ಯಾಹಾರಿ ಹೋಟೆಲು ಯಾವುದು ಅಂತ ಗೈಡ್ ತೋರಿಸಲಿ. ವಯಸ್ಸಾದವರು, ಶುಗರ್ ಇರುವವರು, ಹೊಸ ಊಟ ಒಗ್ಗದವರು ಇದ್ದೇ ಇರುತ್ತಾರೆ, ಅವರಿಗೆ ಎಂದಿನ ಊಟ ಇರಲಿ. ಆದರೆ ಅವರಿಗಾದರೂ ಪನೀರ್ ಬದಲು ಅನ್ನ, ಸಾರು, ಮಜ್ಜಿಗೆ ಕೊಡಿ. ನಾನೂ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯುತ್ತೇನೆ. ರಾತ್ರಿ ಹಸಿವಾದರೆ ಬೇಕಲ್ಲ.

ನಮ್ಮ ಪ್ರವಾಸೋದ್ಯಮ ಇಲಾಖೆಗೂ ಒಂದು ಮಾತು. ಹೊರಗಿನಿಂದ ಬಂದವರಿಗೆ ನಾವು ಮಾಡುತ್ತಿರುವುದೂ ಇದನ್ನೇ. ಹಂಪಿಯ ಹೋಟೆಲುಗಳಲ್ಲಿ ಪಿಜ್ಜಾ, ಪಾಸ್ತಾ, ಪ್ಯಾನ್‌ಕೇಕ್ ಸಲೀಸಾಗಿ ಸಿಗುತ್ತದೆ, ರೊಟ್ಟಿ ಎಣ್ಣೆಗಾಯಿ ಹುಡುಕಬೇಕು. ಬಾದಾಮಿ ಹತ್ತಿರ ಬನಶಂಕರಿ ಗುಡಿಯ ಮುಂದೆ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಗಟ್ಟಿ ಮೊಸರು ತಂದು ಮಾರುತ್ತಾರೆ. ಗುಹೆ ನೋಡಲು ಬಂದ ವಿದೇಶಿಯರ ಬಸ್ಸುಗಳು ಮಧ್ಯಾಹ್ನ ಅಲ್ಲೊಮ್ಮೆ ನಿಲ್ಲುವಂತೆ ಮಾಡಿ. ಕುಡಿಯಲು ಶುದ್ಧ ನೀರು, ಕೈ ತೊಳೆಯಲು ನಲ್ಲಿ, ಕೂರಲು ನೆರಳು ಒದಗಿಸಿದರೆ ಉಳಿದದ್ದನ್ನು ಆ ಹೆಣ್ಣುಮಕ್ಕಳೇ ನೋಡಿಕೊಳ್ಳುತ್ತಾರೆ.

ಇಂತಿ,
ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ, ಧಾರವಾಡ