ಗೃಹಪ್ರವೇಶಕ್ಕೆ ಬಂದವರಿಗೆಲ್ಲ, ಮುಖ್ಯವಾಗಿ ಅತ್ತೆಗೆ

ಗೃಹಪ್ರವೇಶಕ್ಕೆ ಬಂದು ಹರಸಿದ ಎಲ್ಲರಿಗೂ ನಮಸ್ಕಾರ. ಸಾಲದ ಕಥೆ, ಕಂಟ್ರಾಕ್ಟರ್ ಕಥೆ ನಿಮಗೆಲ್ಲ ಬಾಯಿಪಾಠ, ಮತ್ತೆ ಬೇಡ. ಪುರೋಹಿತರಿಗೆ, ಅಡುಗೆಯವರಿಗೆ, ಬಾಳೆಕಂದು ಮಾವಿನ ಸೊಪ್ಪು ತಂದ ಹುಡುಗರಿಗೆ, ಹಸು ಕರು ಹೊಡೆದುಕೊಂಡು ಬಂದವರಿಗೆ ಒಟ್ಟಿಗೇ ಧನ್ಯವಾದ ಹೇಳಿಬಿಡುತ್ತೇವೆ.

ಉಳಿದದ್ದು ಸೋದರತ್ತೆಗೆ.

ವಾಸ್ತುಹೋಮ ಮುಗಿದು ಎಲ್ಲರೂ ಹೊರಟಾಗ ರಾತ್ರಿ 10:30. ಪ್ರವೇಶದ ಮುಹೂರ್ತ ಬೆಳಗಿನ ಜಾವ 4:45. ನಡುವಿನ ಆರು ಗಂಟೆ ಅತ್ತೆ ಕಣ್ಣು ಮುಚ್ಚಲಿಲ್ಲ. ಹೋಮಕುಂಡವನ್ನು ಟೈಲ್ಸ್ ಮೇಲೆ ನೇರ ಇಡಲು ಅವರು ಮೊದಲೇ ಬಿಟ್ಟಿರಲಿಲ್ಲ. ಕೆಳಗೆ ಎರಡು ವರಸೆ ಇಟ್ಟಿಗೆ, ಅದರ ಮೇಲೆ ಮೂರು ಇಂಚು ಮರಳು. ಒಂದೇ ಜಾಗಕ್ಕೆ ಕಾವು ತಾಗಿದರೆ ಟೈಲ್ಸ್ ಸೀಳಿಬಿಡುತ್ತದೆ. ಸುತ್ತ ಚೆಲ್ಲಿದ ತುಪ್ಪಕ್ಕೆ ನಾವು ನೀರು ಸುರಿಯಲು ಹೊರಟಿದ್ದೆವು. ಹಾಗೆ ಮಾಡಿದರೆ ಜಿಡ್ಡು ಹರಡುತ್ತದಷ್ಟೇ. ಅತ್ತೆ ಕಡಲೆಹಿಟ್ಟು ಉದುರಿಸಿ, ಅದು ಹೀರಿಕೊಂಡ ಮೇಲೆ ಗುಡಿಸಿ, ಆಮೇಲೆ ಬಿಸಿನೀರು ಸೋಪು ಹಾಕಿ ಒರೆಸಿದರು. ಜಿಡ್ಡು ಉಳಿದಿದ್ದರೆ ಹಸುವಿನ ಗೊರಸು ಜಾರುತ್ತಿತ್ತು. ಹೊಸ್ತಿಲಿನಿಂದ ನಡುಮನೆವರೆಗೆ ನೆನೆಸಿ ಹಿಂಡಿದ ಗೋಣಿಚೀಲ ಹಾಸಿದ್ದೂ ಅದಕ್ಕೇ.

ನವಧಾನ್ಯದ ಪೊಟ್ಟಣ ಬಿಚ್ಚಿ ಎಣಿಸಿದವರೂ ಅವರೇ. ಎಂಟೇ ಇದ್ದವು, ಕೇತುವಿನ ಹುರುಳಿ ಇರಲಿಲ್ಲ. ಪೊಟ್ಟಣದ ಮೇಲೆ ಒಂಬತ್ತು ಅಂತ ಬರೆದಿದ್ದರೆ ನಂಬಬೇಡಿ. ಹಾಲನ್ನೂ ಒಂದು ಸೌಟು ಬೇರೆ ಕಾಯಿಸಿ, ಒಡೆಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಅಗಲ ಬಾಯಿಯ ಹೊಸ ಪಾತ್ರೆ ಪಕ್ಕಕ್ಕಿಟ್ಟು, ಕಿರಿಬಾಯಿಯದಕ್ಕೆ ಮುಕ್ಕಾಲು ಭಾಗ ಹಾಲು ತುಂಬಿದರು. ಅಗಲ ಪಾತ್ರೆಯಲ್ಲಿ ಸ್ವಲ್ಪ ಹಾಲಿದ್ದರೆ ಕುದಿಯುತ್ತದೆ, ಉಕ್ಕಿ ಹೊರಗೆ ಬರುವುದಿಲ್ಲ.

ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಆರತಿಯ ಕೆಂಪು ನೀರು ಕಲಸಿದ್ದು ಅತ್ತೆ. ಆದರೆ ಆರತಿ ಎತ್ತಲು ಮುತ್ತೈದೆಯರನ್ನು ಕರೆದಾಗ ಅವರು ಅಡುಗೆಮನೆಗೆ ಸರಿದುಬಿಟ್ಟರು. ಮಾವ ಹೋದಮೇಲೆ ಅವರಿಗೆ ಅದು ರೂಢಿ. ಸರಿದದ್ದನ್ನು ನಾವೆಲ್ಲ ನೋಡಿದೆವು. ಯಾರೂ ಕರೆಯಲಿಲ್ಲ. ಫೋಟೋಗಳಲ್ಲಿ ಹುಡುಕಿದರೆ ಅತ್ತೆ ಒಂದರಲ್ಲೂ ಇಲ್ಲ.

ಅತ್ತೆ, ಸತ್ಯನಾರಾಯಣ ಪೂಜೆ ಇನ್ನೂ ಬಾಕಿ ಇದೆ. ಅವತ್ತು ಆರತಿ ತಟ್ಟೆ ನಿಮ್ಮ ಕೈಗೆ. ಯಾರಾದರೂ ಏನಾದರೂ ಅಂದರೆ ಉತ್ತರ ನಾವು ಕೊಡುತ್ತೇವೆ. ಬೂದುಗುಂಬಳ ಒಡೆದ ಕಡೆ ಕುಂಕುಮದ ಕಲೆ ಹಾಗೇ ಇದೆ. ಅದಕ್ಕೇನು ಹಚ್ಚಬೇಕೆಂದೂ ಬಂದಾಗ ಹೇಳಿ.